ಬ್ರಾಯ್ಲರ್ ಕೋಳಿಯ ಬೇಟೆಗಾರರು

ಗುಹೆಯಲ್ಲಿದ್ದ ಮನುಷ್ಯ ಏನು ತಿನ್ನುತ್ತಿದ್ದ ಎಂಬುದು ಬೆಂಗಳೂರಿನ ಜಿಮ್‌ಗಳಿಗೆಲ್ಲ ಗೊತ್ತಾಗಿಬಿಟ್ಟಿದೆ. ಪುರಾತತ್ವದವರಿಗೆ ಮಾತ್ರ ಇನ್ನೂ ಪೂರ್ತಿ ಗೊತ್ತಾಗಿಲ್ಲ, ಪಾಪ. ಅವರು ಸುಟ್ಟು ಕರಕಲಾದ ಬೀಜಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತ ಕೂತಿರುವಾಗ, ಇಲ್ಲಿ ಮೊಬೈಲಿನಲ್ಲಿ ಆರ್ಡರ್ ಮಾಡಿದ ‘ಪೇಲಿಯೋ ಬೌಲ್’ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ಪೇಲಿಯೋ ಅಂದರೆ ಹಳೆ ಶಿಲಾಯುಗದ ಡಯಟ್, ಅದರ ಸಿದ್ಧಾಂತ ಸರಳ. ಬೇಸಾಯ ಶುರುವಾಗುವುದಕ್ಕೆ ಮುಂಚೆ ಇದ್ದದ್ದನ್ನು ಮಾತ್ರ ತಿನ್ನಬೇಕು. ಧಾನ್ಯ, ಬೇಳೆಕಾಳು, ಹಾಲು ವರ್ಜ್ಯ.

ಬೌಲಿನ ಮುಚ್ಚಳ ತೆಗೆಯೋಣ. ಮೊದಲು ಕೋಳಿಯ ಎದೆಮಾಂಸ. ಸಾಕುಕೋಳಿಯದೇ ಎಂದು ಧೈರ್ಯವಾಗಿ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್‌ನಲ್ಲಿ ಸಿಕ್ಕಿವೆ. ಅವು ಕ್ರಿ.ಪೂ. 1650ರಿಂದ 1250ರ ನಡುವಿನವು. ಬೇಟೆಗಾರರ ಯುಗ ಮುಗಿದು ಸಾವಿರಾರು ವರ್ಷ ಕಳೆದಿತ್ತು. ಕಾಡುಕೋಳಿ ಊರಿನತ್ತ ಬಂದದ್ದು ಭತ್ತ, ನವಣೆಗಳ ಆಸೆಗೆ ಎನ್ನುತ್ತಾರೆ ಸಂಶೋಧಕರು. ಈಗಿನ ಬ್ರಾಯ್ಲರ್ ಕೂಡ ಆರು ವಾರ ಮೆಕ್ಕೆಜೋಳ, ಸೋಯಾ ತಿಂದೇ ಎರಡು ಕಿಲೋ ತೂಗುತ್ತದೆ. ಅಂದರೆ ಧಾನ್ಯ ವರ್ಜ್ಯ, ಧಾನ್ಯ ಮೇಯ್ದ ಕೋಳಿ ಪಥ್ಯ. ಮಡಿಯಲ್ಲಿ ಇಂಥ ಸೌಲಭ್ಯ ಹಿಂದಿನಿಂದಲೂ ಇದೆ ಬಿಡಿ.

ಪಕ್ಕದಲ್ಲಿ ಬ್ರೊಕೋಲಿ. ಇದೂ ಹೂಕೋಸೂ ಎಲೆಕೋಸೂ ಒಂದೇ ಜಾತಿಯ ಕಾಡುಗಿಡದಿಂದ ರೈತರು ತಲೆತಲಾಂತರದಿಂದ ಆರಿಸಿ ಆರಿಸಿ ಮಾಡಿಕೊಂಡವು. ಮ್ಯಾಮತ್ ಬೇಟೆಗಾರನೊಬ್ಬ ಇದನ್ನು ಕಂಡಿದ್ದರೆ ಗಿಡಕ್ಕೇನೋ ರೋಗ ಬಡಿದಿದೆ ಅಂದುಕೊಳ್ಳುತ್ತಿದ್ದ. ಆಮೇಲೆ ಬಾದಾಮಿ ಹಿಟ್ಟಿನ ರೊಟ್ಟಿ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಾಡು ಬಾದಾಮಿ ಕಹಿ. ಅದರಲ್ಲಿರುವ ಅಮಿಗ್ಡಲಿನ್ ಜಗಿದಾಗ ಒಡೆದು ಸೈನೈಡ್ ಬಿಡುಗಡೆಯಾಗುತ್ತದೆ. ವಂಶವಾಹಿಯಲ್ಲಿ ಆದ ಒಂದೇ ಒಂದು ಬದಲಾವಣೆಯಿಂದ ಸಿಹಿಯಾದ ಮರಗಳನ್ನು ಗುರುತಿಸಿ, ಉಳಿಸಿ, ನೆಟ್ಟವರು ರೈತರು. ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಬೇಕು, ಅಂದರೆ ಮೂವತ್ತಕ್ಕೂ ಹೆಚ್ಚು ಬಾದಾಮಿ. ಅಪ್ಪಟ ಶಿಲಾಯುಗದ ಬಾದಾಮಿಯಲ್ಲೇ ರೊಟ್ಟಿ ತಟ್ಟಿದರೆ ಎರಡನೆಯ ರೊಟ್ಟಿಯ ಹೊತ್ತಿಗೆ ಆಂಬುಲೆನ್ಸ್ ಬೇಕಾದೀತು.

ಆದರೆ ದೊಡ್ಡ ತಮಾಷೆ ಇರುವುದು ತಟ್ಟೆಯಲ್ಲಿ ಇಲ್ಲದ ಪದಾರ್ಥದಲ್ಲಿ. ಧಾನ್ಯ ಬೇಸಾಯದ ಪಾಪದ ಫಲವಂತೆ. 1989ರಲ್ಲಿ ಇಸ್ರೇಲಿನ ಗಲಿಲೀ ಸರೋವರದ ನೀರು ಇಳಿದಾಗ ಒಹಾಲೋ ಎಂಬಲ್ಲಿ 23,000 ವರ್ಷ ಹಳೆಯ ಬಿಡಾರವೊಂದು ಮೇಲೆದ್ದಿತು. ಅಲ್ಲಿದ್ದವರು ಮೀನು ಹಿಡಿದರು, ಜಿಂಕೆ ಹೊಡೆದರು, ಜತೆಗೆ ಕಾಡು ಬಾರ್ಲಿಯನ್ನು ಅರೆದು ತಿಂದರು. ಅರೆಯುವ ಕಲ್ಲಿಗೆ ಅಂಟಿದ ಪಿಷ್ಟದ ಕಣಗಳೇ ಸಾಕ್ಷಿ. ಜೋರ್ಡಾನಿನ ಶುಬೈಕಾದಲ್ಲಿ 14,400 ವರ್ಷದ ಹಿಂದಿನ ಒಲೆಯಲ್ಲಿ ರೊಟ್ಟಿಯ ಕರಕಲು ಚೂರುಗಳು ಸಿಕ್ಕಿವೆ: ಕಾಡುಗೋಧಿ, ಜೊತೆಗೆ ಜೊಂಡಿನಂಥ ಗಿಡದ ಗಡ್ಡೆ. ರೊಟ್ಟಿ ಮೊದಲು ಬಂತು, ಹೊಲ ಬಂದದ್ದು ಸುಮಾರು 4000 ವರ್ಷ ತಡವಾಗಿ. ಜೊಲ್ಲಿನಲ್ಲಿದ್ದು ಪಿಷ್ಟ ಅರಗಿಸುವ ಅಮೈಲೇಸ್‌ನ ವಂಶವಾಹಿಯ ಹೆಚ್ಚುವರಿ ಪ್ರತಿಗಳಂತೂ ಬೇಸಾಯಕ್ಕಿಂತ ಲಕ್ಷಾಂತರ ವರ್ಷ ಮೊದಲೇ ಕೂಡಿಕೊಂಡಿವೆ. ‘ನಮ್ಮ ದೇಹ ಧಾನ್ಯಕ್ಕೆ ಒಗ್ಗಿಲ್ಲ’ ಎನ್ನುವವರ ಜೊಲ್ಲೇ ಅವರ ಮಾತಿಗೆ ಒಪ್ಪುತ್ತಿಲ್ಲ.

ಧಾನ್ಯ ಬಿಟ್ಟು ಬೇಟೆಗಾರನಾಗುವ ಬದಲು ಬೇಟೆಗಾರನ ಧಾನ್ಯವನ್ನೇ ತಿಂದು ನೋಡಬಹುದು. ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ 1966ರಲ್ಲಿ ಆಗ್ನೇಯ ಟರ್ಕಿಯ ಕರಾಜಾದಾಗ್ ಬೆಟ್ಟದಲ್ಲಿ ಇದನ್ನೇ ಮಾಡಿದರು. ಬರಿಗೈಯಲ್ಲೂ ಕಲ್ಲಿನ ಅಲಗಿನ ಕುಡುಗೋಲಿನಲ್ಲೂ ಕಾಡುಗೋಧಿ ಕೊಯ್ದಾಗ ಗಂಟೆಗೆ ಕಿಲೋದಷ್ಟು ಹಸನಾದ ಕಾಳು ಸಿಕ್ಕಿತು. ಬೆಟ್ಟದ ಬುಡದಲ್ಲಿ ಶುರುಮಾಡಿ, ತೆನೆ ಮಾಗಿದಂತೆ ಮೇಲೇರುತ್ತ ಹೋದರೆ ಒಂದು ಸಂಸಾರ ಮೂರು ವಾರದಲ್ಲಿ ವರ್ಷಕ್ಕೆ ಮಿಕ್ಕುವಷ್ಟು ಕೂಡಿಹಾಕಬಹುದು ಎಂಬುದು ಅವರ ಲೆಕ್ಕ. ತೊಡಕೂ ಇದೆ. ಕಾಡುಗೋಧಿ ಮಾಗುತ್ತಲೇ ತೆನೆ ಗೆಣ್ಣುಗೆಣ್ಣಿಗೆ ಮುರಿದು ಕಾಳು ನೆಲಕ್ಕೆ ಉದುರುತ್ತದೆ. ಬೇಗ ಕೊಯ್ದರೆ ಎಳಸು, ತಡ ಮಾಡಿದರೆ ಇರುವೆ-ಹಕ್ಕಿಗಳ ಪಾಲು. ಕೊಯ್ದ ಮೇಲೂ ಸಿಪ್ಪೆ ಕಾಳನ್ನು ಬಿಡುವುದಿಲ್ಲ. ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಬೆಳಗಾವಿ ಕಡೆ ಜವೆಗೋಧಿ ಕುಟ್ಟಿದ ಕೈಗಳಿಗೆ ಈ ಕಷ್ಟ ಗೊತ್ತು.

ತೆನೆಯಿಂದ ಕಾಳು ಉದುರದ ಗಿಡ ಕಾಡಿನಲ್ಲಿ ನಿರ್ವಂಶವಾಗುತ್ತದೆ. ಮನುಷ್ಯ ಕೊಯ್ದು ತಂದು ಮತ್ತೆ ಬಿತ್ತಿದರೆ ಮಾತ್ರ ಅದಕ್ಕೆ ಭವಿಷ್ಯ. ಉದುರುವ ತೆನೆಯಿಂದ ಉದುರದ ತೆನೆಗೆ ಆದ ಈ ಬದಲಾವಣೆ ಇನ್ನೂರು ವರ್ಷದಲ್ಲೇ ಮುಗಿಯಬಹುದಿತ್ತು ಎಂಬ ಅಂದಾಜೊಂದಿತ್ತು. ನೆಲದಲ್ಲಿ ಸಿಕ್ಕ ತೆನೆಯ ಗೆಣ್ಣುಗಳನ್ನು ನೋಡಿದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಡಿದಿದೆ. ಅಷ್ಟೂ ಕಾಲ ಜನ ಬೇಟೆಯನ್ನೂ ಆಡುತ್ತಿದ್ದರು, ಹೊಲವನ್ನೂ ನೋಡುತ್ತಿದ್ದರು. ನಮ್ಮ ಡಯಟ್ ಪಂಡಿತರಿಗೆ ಮಾತ್ರ ಇಂಥ ಸೋಮವಾರ ಬೇಟೆ ಮುಗಿದು ಮಂಗಳವಾರ ಉಳುಮೆ ಶುರುವಾಯಿತು ಎಂಬ ದಿನಾಂಕ ಬೇಕು. ಡಯಟ್ ಶುರುಮಾಡುವುದೂ ಸೋಮವಾರವೇ ತಾನೆ.

ಅವರ ಮಾತಿನಲ್ಲಿ ಒಂದು ಕಾಳಿನಷ್ಟು ನಿಜವೂ ಇದೆ. ಬೇಸಾಯಕ್ಕೆ ಬಿದ್ದ ಹಲವೆಡೆ ಜನರ ಎತ್ತರ ತಗ್ಗಿತು, ಹಲ್ಲು ಹುಳುಕಾದವು. ಸಿರಿಯಾದ ಅಬು ಹುರೇರಾದ ಹೆಂಗಸರ ಅಸ್ಥಿಗಳಲ್ಲಿ ಮಂಡಿ, ಬೆನ್ನು, ಕಾಲ್ಬೆರಳು ಸವೆದಿರುವುದು ದಿನವಿಡೀ ಮೊಣಕಾಲೂರಿ ಕಲ್ಲಿನಲ್ಲಿ ಕಾಳು ಅರೆದದ್ದಕ್ಕೆ. ಆದರೆ ಪಾಠ ಇದಾದರೆ ಬಿಡಬೇಕಾದದ್ದು ಅರೆಯುವ ಕಲ್ಲನ್ನು, ಗೋಧಿಯನ್ನಲ್ಲ. ಕಲ್ಲನ್ನು ಮಿಕ್ಸಿ ಯಾವಾಗಲೋ ಬಿಡಿಸಿದೆ.

ಹಾಗಾದರೆ ಮಾಂಸವೇ ಸಾಕು ಎನ್ನುವ ಗಟ್ಟಿಗರಿದ್ದಾರೆ. ತಾಂಜಾನಿಯಾದ ಹಡ್ಜಾ ಬೇಟೆಗಾರರನ್ನು ಕೂತು ಲೆಕ್ಕ ಹಾಕಿದವರು ಹೇಳುವಂತೆ, ಒಬ್ಬನಿಗೆ ದೊಡ್ಡ ಪ್ರಾಣಿ ಸಿಗುವುದು ಹೆಚ್ಚುಕಮ್ಮಿ ತಿಂಗಳಿಗೊಂದು. ಉಳಿದ ದಿನ ಗೆಡ್ಡೆ, ಹಣ್ಣು, ಜೇನು. ಕಾಡುಪ್ರಾಣಿಯ ಮಾಂಸದಲ್ಲಿ ಕೊಬ್ಬೂ ಕಡಿಮೆ. ಅದನ್ನೇ ನಂಬಿ ಕೂತರೆ ಪ್ರೋಟೀನನ್ನು ಸಂಭಾಳಿಸಲು ಯಕೃತ್ತಿಗೆ ಆಗದೆ ವಾಕರಿಕೆ, ಭೇದಿ, ಕೊನೆಗೆ ಹೊಟ್ಟೆ ತುಂಬಿದ್ದರೂ ಉಪವಾಸದ ಸಾವು. ಜಿಂಕೆಗೆ ಗುರಿಯಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲಿನ ಊಟ ಖಾತ್ರಿ. ಅದರಲ್ಲೂ ಧಾನ್ಯವೇ ಹೆಚ್ಚು.

ಬೇಳೆಕಾಳಿನ ಮೇಲಿನ ಸಿಟ್ಟಂತೂ ನಮ್ಮ ನೆಲದಲ್ಲಿ ನಗೆಪಾಟಲು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಸುಮಾರು 4000 ವರ್ಷದ ಹಿಂದೆ ಬೇಸಾಯಕ್ಕಿಳಿದವರ ಬೂದಿಯಲ್ಲಿ ಸಿಕ್ಕ ಮುಖ್ಯ ಕಾಳುಗಳು ಹುರುಳಿ, ಹೆಸರು, ಜತೆಗೆ ಕೊರಲೆಯಂಥ ಕಿರುಧಾನ್ಯ. ರಾಗಿ ಆಫ್ರಿಕದಿಂದ ಬಂದ ನೆಂಟ. ಅದನ್ನೇ ನಮ್ಮ ಶಿಲಾಯುಗದ ಮುದ್ದೆ ಎಂದು ಮಾರುವವರೂ ಇದ್ದಾರೆ. ಅವರದು ಬೇರೆ ಪಂಗಡ, ಪೇಲಿಯೋದವರನ್ನು ಕಂಡರೆ ಅವರಿಗಾಗದು.

ನಿಜವಾದ ಸಂಗ್ರಾಹಕರ ಊಟ ಕರ್ನಾಟಕದಲ್ಲೂ ಇದೆ: ಕಾಡುಗೆಣಸು, ಕಳಲೆ, ಅಣಬೆ, ಕವಳೆಹಣ್ಣು, ಹೆಜ್ಜೇನು, ಮಲೆನಾಡಿನ ಚಗಳಿ (ಕೆಂಪಿರುವೆ) ಚಟ್ನಿ. ಯಾವ ಆ್ಯಪಿನವರೂ ಇರುವೆಯ ಗೂಡಿಗೆ ಕೈಹಾಕಿಲ್ಲ, ಮರ ಹತ್ತಿ ಹೊಗೆ ಹಾಕಿಲ್ಲ. ಆ ವಿದ್ಯೆ ಬಲ್ಲ ಜೇನುಕುರುಬರನ್ನು ನಾಗರಹೊಳೆಯಿಂದ ಒಕ್ಕಲೆಬ್ಬಿಸಿ, ಕಾಡಿನಾಚೆ ಕೂರಿಸಿ, ಕೈಗೆ ರೇಷನ್ ಕಾರ್ಡ್ ಕೊಟ್ಟಿದ್ದೇವೆ. ಕಾಡುಗೆಣಸು ಅಗೆಯುತ್ತಿದ್ದವರು ಈಗ ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿದ್ದಾರೆ. ಅಕ್ಕಿ ತಿನ್ನಬಾರದೆಂದು ಅವರಿಗೆ ಹೇಳಲು ಡಯಟೀಷಿಯನ್ ಇನ್ನೂ ಅಲ್ಲಿಗೆ ಹೋಗಿಲ್ಲ.