ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬೇಡ
ಕುಂಡದಲ್ಲಿ ಬೆಳೆಸುವ ಸ್ನೇಕ್ ಪ್ಲಾಂಟಿಗೆ ವಾರಕ್ಕೊಮ್ಮೆ ನೀರು ಹಾಕಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಆದರೆ ನಮ್ಮ ಮಂಗಳೂರಿನ ಮಳೆಗಾಲಕ್ಕೆ ಅದು ತುಂಬಾ ಜಾಸ್ತಿ. ಹಾಗೇ ಮಾಡಿ ಕಳೆದ ಜುಲೈನಲ್ಲಿ ಅಮ್ಮ ಕೊಟ್ಟಿದ್ದ ಗಿಡವನ್ನೇ ಕಳೆದುಕೊಂಡೆ. ಎಲೆ ಬುಡದಲ್ಲಿ ಮೆತ್ತಗಾಗಿ, ಮುಟ್ಟಿದರೆ ಕೈಗೇ ಬಂತು, ಬೇರು ಪೂರ್ತಿ ಕೊಳೆತಿತ್ತು. ತುಂಬಾ ಬೇಜಾರಾಯಿತು. ಈಗ ಬೆರಳನ್ನು 2 ಇಂಚು ಮಣ್ಣಿಗೆ ಇಳಿಸಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ನೀರು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೂ ಸಾಕಾಗುತ್ತದೆ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅಲ್ವಾ ಇದು. ಮಣ್ಣಿಗೆ ದಪ್ಪ ಮರಳು ಧಾರಾಳವಾಗಿ ಸೇರಿಸಿ. ಇನ್ನೊಂದು ಮಾತು, ಎಲೆಗೆ ಹಳದಿ ಅಂಚಿರುವ ಸ್ನೇಕ್ ಪ್ಲಾಂಟನ್ನು ಎಲೆ ತುಂಡಿನಿಂದ ಬೆಳೆಸಿದರೆ ಮರಿಗಳಿಗೆ ಆ ಅಂಚು ಬರುವುದಿಲ್ಲ, ಬರೀ ಹಸಿರು. ಅಂಚು ಬೇಕಿದ್ದರೆ ಗೆಡ್ಡೆ ಸಮೇತ ಮರಿ ಬೇರ್ಪಡಿಸಿ ನೆಡಿ. ಬೆಕ್ಕು, ನಾಯಿ ಸಾಕಿದವರು ಎತ್ತರದಲ್ಲಿಡಿ, ಎಲೆ ಕಚ್ಚಿ ತಿಂದರೆ ಅವಕ್ಕೆ ವಾಂತಿ ಆಗುತ್ತದೆ.