ಮಂಡಿಗೆ ಪಿಆರ್‌ಪಿ ಹಾಕಿಸುವ ಮುಂಚೆ

‘ನಿಮ್ಮದೇ ರಕ್ತದಿಂದ ಚಿಕಿತ್ಸೆ, ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಗಿರುವ ನುಣುಪಾದ ಪದರ) ಮತ್ತೆ ಬೆಳೆಯುತ್ತೆ’ ಎಂಬ ಪಿಆರ್‌ಪಿ ಇಂಜೆಕ್ಷನ್‌ನ ಜಾಹೀರಾತು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದನ್ನು ನಂಬಿ ದುಡ್ಡು ಕಟ್ಟುವವರು ನಮ್ಮ ಅಮ್ಮಂದಿರು, ದೊಡ್ಡಮ್ಮಂದಿರು. ನೆಲದ ಮೇಲೆ ಕೂತರೆ ಏಳಲು ಕಷ್ಟಪಡುವವರು.

ಪಿಆರ್‌ಪಿ ಅಂದರೆ ‘ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ’. ಅದರಲ್ಲಿ ಮಾಡುವುದು ಇಷ್ಟು. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಬೇರೆ ಮಾಡಿ ಕೀಲಿಗೆ ಚುಚ್ಚುತ್ತಾರೆ. ಡೆಂಗಿ ಬಂದಾಗ ‘ಎಷ್ಟಿದೆ?’ ಅಂತ ಎಲ್ಲರೂ ಕೇಳುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ಗಾಯ ಮಾಯಲು ನೆರವಾಗುವ ಅಂಶಗಳು ಅದರಲ್ಲಿವೆ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ?

ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 2021ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಮಂಡಿ ಸವೆತ ಇನ್ನೂ ತೀರಾ ಹೆಚ್ಚಾಗಿರದ 288 ಜನ. ಅರ್ಧದಷ್ಟು ಜನರಿಗೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಇಂಜೆಕ್ಷನ್, ಉಳಿದವರಿಗೆ ಬರೀ ಸಲೈನ್, ಅಂದರೆ ಔಷಧಿ ಇಲ್ಲದ ಉಪ್ಪುನೀರು. ತಮಗೆ ಹಾಕಿದ್ದು ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ವರ್ಷ ಕಳೆದ ಮೇಲೆ, ಹತ್ತರ ಅಳತೆಯಲ್ಲಿ ಪಿಆರ್‌ಪಿಯವರ ನೋವು 2.1ರಷ್ಟು ಇಳಿದಿತ್ತು, ಸಲೈನ್‌ನವರದು 1.8ರಷ್ಟು. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಅಲ್ಲ. ಕಾರ್ಟಿಲೇಜ್? ಎರಡೂ ಗುಂಪಿನಲ್ಲಿ ಸ್ವಲ್ಪ ಕಡಿಮೆಯೇ ಆಗಿತ್ತು.

ಸಲೈನ್ ಹಾಕಿಸಿಕೊಂಡವರಿಗೂ ನೋವು ಇಳಿದದ್ದನ್ನು ಗಮನಿಸಿ. ಹಾಗಾಗಿ ‘ನಮ್ಮ ಚಿಕ್ಕಮ್ಮನಿಗೆ ವಾಸಿ ಆಯ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಮಂಡಿ ನೋವು ಏರುತ್ತದೆ, ಇಳಿಯುತ್ತದೆ. ತಡೆಯಲಾರದಷ್ಟು ಏರಿದಾಗಲೇ ನಾವು ಡಾಕ್ಟರ ಹತ್ತಿರ ಓಡುವುದು. ಆಮೇಲೆ ತಾನಾಗಿ ಇಳಿದರೂ ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ.

ಆ ಪರೀಕ್ಷೆಯಲ್ಲಿ ಬಳಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ಸಾಕಷ್ಟು ಇರಲಿಲ್ಲ ಎಂಬುದು ಕೆಲವು ತಜ್ಞರ ತಕರಾರು. ಅದರಲ್ಲಿ ನ್ಯಾಯ ಇದೆ. ಹಾಗಾದರೆ ನಮ್ಮೂರ ಕ್ಲಿನಿಕ್‌ನಲ್ಲಿ ಕೊಡುವುದರಲ್ಲಿ ಎಷ್ಟಿರುತ್ತದೆ? ಹೀಗೇ ತಯಾರಿಸಬೇಕು ಅಂತ ಎಲ್ಲರೂ ಒಪ್ಪಿದ ಒಂದು ಕ್ರಮವೇ ಇನ್ನೂ ಇಲ್ಲ. ಅಷ್ಟರಲ್ಲಿ ‘ಮೂರು ಇಂಜೆಕ್ಷನ್ ಪ್ಯಾಕೇಜ್’ ಅಂತ ಮಾರುವುದು ನನ್ನ ಪ್ರಕಾರ ತಪ್ಪು.

ತೊಡೆಯ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು: ಮಂಡಿ ಸವೆತಕ್ಕೆ ವೈದ್ಯರು ಮೊದಲು ಹೇಳಬೇಕಾದದ್ದು ಇದು. ನಿಧಾನದ ದಾರಿ ನಿಜ. ಒಬ್ಬರೇ ಮಾಡಲು ಬೇಜಾರು ಕೂಡ. ಮನೆಯವರು ಯಾರಾದರೂ ಜೊತೆಗೆ ನಿಂತು ಮಾಡಿಸಬೇಕು.

ಇಷ್ಟಾದ ಮೇಲೂ ಪಿಆರ್‌ಪಿ ಹಾಕಿಸೋಣ ಅನ್ನಿಸಿದರೆ, ಅಮ್ಮನನ್ನು ಒಬ್ಬರೇ ಕಳಿಸಬೇಡಿ. ಜೊತೆಗೆ ಹೋಗಿ. ಎಕ್ಸ್‌ರೇಯಲ್ಲಿ ಸವೆತ ಎಷ್ಟಿದೆ, ಫಿಸಿಯೋಥೆರಪಿ ಯಾಕೆ ಮೊದಲು ಬೇಡ, ನೋವು ಇಳಿಯದಿದ್ದರೆ ಮುಂದೇನು ಅಂತ ಕೇಳಿ. ಕಾರ್ಟಿಲೇಜ್ ಬೆಳೆಯುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ, ಅಲ್ಲಿ ದುಡ್ಡು ಕಟ್ಟಬೇಡಿ. ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿ.