ಎಲ್‌ಕೆಜಿಯ ‘ಕೆಜಿ’ ಮತ್ತು ಎಂಟು ಮರದ ತುಂಡುಗಳು

ಎಲ್‌ಕೆಜಿ, ಯುಕೆಜಿ ಅಂತ ದಿನಾ ಹೇಳುತ್ತೇವೆ. ಆ ‘ಕೆಜಿ’ ಅಂದರೆ ಕಿಂಡರ್‌ಗಾರ್ಟನ್, ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಜರ್ಮನ್ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ಇಟ್ಟ ಹೆಸರು. ಮಗು ಒಳಗಿನಿಂದ ಅರಳುವ ಜೀವ, ಗಿಡದಂತೆ ಅದಕ್ಕೆ ಮಣ್ಣು, ನೀರು, ಬೆಳಕು ಒದಗಿಸಬೇಕೇ ಹೊರತು ಎಳೆದು ಉದ್ದ ಮಾಡಬಾರದು ಎಂಬ ರೊಮ್ಯಾಂಟಿಕ್ ಚಿಂತನೆ ಆ ಹೆಸರಿನಲ್ಲೇ ಇದೆ. ನಮಗೆ ರೊಮ್ಯಾಂಟಿಕ್ ಅಂದರೆ ನವೋದಯದ ಕವಿತೆ ನೆನಪಾಗುತ್ತದೆ. ಯೂರೋಪಿನಲ್ಲಿ ಅದು ಮಗುವಿನ ಮೇಜಿನ ಮೇಲೆ ಏನಿರಬೇಕು ಎಂಬುದನ್ನೂ ಬದಲಿಸಿತು.

ಈ ಪರಂಪರೆಯನ್ನು ‘ಮಗುವನ್ನು ಅದರ ಪಾಡಿಗೆ ಬಿಡಿ’ ಎಂದು ಒಂದು ಸಾಲಿಗೆ ಇಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇದರ ಮೂಲಪುರುಷ, ಹದಿನೆಂಟನೆಯ ಶತಮಾನದ ಚಿಂತಕ ರೂಸೋ ಕೂಡ ಹಾಗೆ ಹೇಳಲಿಲ್ಲ. ಮಕ್ಕಳ ಶಿಕ್ಷಣದ ಬಗ್ಗೆ ಅವನು ಬರೆದ 1762ರ ‘ಎಮಿಲ್’ ಪುಸ್ತಕದಲ್ಲಿ ಹುಡುಗ ಬೀನ್ಸ್ ಬಿತ್ತುತ್ತಾನೆ, ದಿನವೂ ನೀರು ಹಾಕುತ್ತಾನೆ. ಒಂದು ದಿನ ಬಂದು ನೋಡಿದರೆ ಗಿಡವೆಲ್ಲ ಕಿತ್ತು ಹೋಗಿದೆ. ಆ ಜಾಗದಲ್ಲಿ ತೋಟದವನು ಮೊದಲೇ ಕರಬೂಜದ ಬೀಜ ಹಾಕಿದ್ದ, ಇವನು ಬಿತ್ತಿದ್ದರಿಂದ ಅದು ಹಾಳಾಗಿತ್ತು. ಸ್ವತ್ತು ಅಂದರೇನು ಎಂದು ಮಗುವಿಗೆ ಉಪದೇಶವಿಲ್ಲದೆ ತಿಳಿಯಲಿ ಎಂದು ಗುರು ಜೋಡಿಸಿದ ಪಾಠ ಅದು. ಮಗುವಿಗೆ ಸ್ವಾತಂತ್ರ್ಯ, ಗುರುವಿಗೆ ದುಪ್ಪಟ್ಟು ಕೆಲಸ.

ಫ್ರೋಬೆಲ್ ಈ ಕೆಲಸವನ್ನು ವಸ್ತುಗಳಿಗೇ ಇಳಿಸಿದ. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವರ್ಡನ್‌ನಲ್ಲಿ ಶಾಲೆ ನಡೆಸುತ್ತಿದ್ದ ಶಿಕ್ಷಣತಜ್ಞ ಪೆಸ್ಟಲೋಜಿಯ ಜೊತೆಗಿದ್ದು, ಮಾತಿಗಿಂತ ಮೊದಲು ವಸ್ತು ಕೈಗೆ ಸಿಗಬೇಕು ಎಂಬುದನ್ನು ಕಲಿತಿದ್ದ. ಆಮೇಲೆ ಬರ್ಲಿನ್‌ನಲ್ಲಿ ಹರಳುಶಾಸ್ತ್ರಜ್ಞ ವೈಸ್‌ನ ಸಹಾಯಕನಾಗಿ ಖನಿಜಗಳನ್ನು ಜೋಡಿಸಿಟ್ಟ. ಕಲ್ಲಿನೊಳಗೂ ನಿಯಮಬದ್ಧ ರೂಪ ಬೆಳೆಯುತ್ತದೆ ಎಂದು ಅಲ್ಲಿ ಕಂಡದ್ದೇ ಅವನ ಆಟಿಕೆಗಳಾಯಿತು. ಅವನ್ನು ‘ಕೊಡುಗೆ’ಗಳೆಂದು ಕರೆದ. ಮೊದಲನೆಯದು ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡು. ಎರಡನೆಯದು ಮರದ ಗೋಲ, ಉರುಳೆ, ಘನ. ಘನವನ್ನು ಒಂದು ಮುಖದ ನಡುವಿನಿಂದ ದಾರಕ್ಕೆ ತೂಗುಹಾಕಿ ಜೋರಾಗಿ ತಿರುಗಿಸಿದರೆ ಕಣ್ಣಿಗೆ ಉರುಳೆ ಕಾಣುತ್ತದೆ.

ನನ್ನ ಮಟ್ಟಿಗೆ ಎಲ್ಲದರ ಸಾರ ಮೂರನೆಯದರಲ್ಲಿದೆ. ಒಂದೊಂದು ಅಂಗುಲದ ಎಂಟು ತುಂಡು ಸೇರಿ ಆದ ಎರಡು ಅಂಗುಲದ ಒಂದು ಘನ, ಜಾರುವ ಮುಚ್ಚಳದ ಪೆಟ್ಟಿಗೆ. ಪೆಟ್ಟಿಗೆಯನ್ನು ಸುರಿಯುವಂತಿಲ್ಲ. ಬೋರಲು ಇಟ್ಟು, ಮುಚ್ಚಳವನ್ನು ಅಡಿಯಿಂದ ಎಳೆದು, ಪೆಟ್ಟಿಗೆಯನ್ನು ನೇರ ಮೇಲೆತ್ತಬೇಕು. ಆಗ ಮಗು ಮೊದಲು ನೋಡುವುದು ಇಡಿಯನ್ನು, ಆಮೇಲೆ ಬಿಡಿಯನ್ನು. ಸುರಿದರೆ ಸಿಗುವುದು ಬರೀ ರಾಶಿ, ಅದರಲ್ಲಿ ಇಡಿ ಎಂಬುದು ಕಾಣುವುದೇ ಇಲ್ಲ.

ಕಟ್ಟುವಾಗ ಎಂಟೂ ತುಂಡು ಬಳಕೆಯಾಗಬೇಕು. ಕುರ್ಚಿ ಮುಗಿದ ಮೇಲೆ ಅದನ್ನು ಕೆಡವದೆ, ಎರಡು ತುಂಡು ಸರಿಸಿ ಮೆಟ್ಟಿಲು ಮಾಡುವುದು, ಮೆಟ್ಟಿಲಿನಿಂದ ಬಾಗಿಲು. ಇದು ಫ್ರೋಬೆಲ್ ಹೇಳುವ ಬದುಕಿನ ರೂಪ. ನಾಲ್ಕನ್ನು ನಡುವೆ ಇಟ್ಟು ಉಳಿದ ನಾಲ್ಕನ್ನು ಸುತ್ತ ಒಂದೇ ಕ್ರಮದಲ್ಲಿ ಸರಿಸುತ್ತ ಹೋದರೆ ರಂಗೋಲಿಯಂತೆ ಸೌಂದರ್ಯದ ರೂಪ. ಎರಡು ಭಾಗ, ನಾಲ್ಕು ಭಾಗ, ಎಂಟು ಭಾಗ ಮಾಡಿದರೆ ಜ್ಞಾನದ ರೂಪ. ಅರ್ಧ, ಕಾಲು, ಅರೆಕಾಲು ಬಾಯಿಪಾಠವಿಲ್ಲದೆ ಕೈಗೆ ಬರುತ್ತವೆ.

ಹೊರಗೂ ಇದೇ ಚಿಂತನೆ ಇತ್ತು. ತೋಟ ಎಂಬುದು ಬರೀ ಉಪಮೆಯಾಗಿರಲಿಲ್ಲ. ಪ್ರತಿ ಮಗುವಿಗೂ ಸ್ವಂತ ಪಾತಿ, ಜೊತೆಗೆ ಎಲ್ಲರಿಗೂ ಸೇರಿದ ಪಾತಿಗಳು.

1851ರಲ್ಲಿ ಅಂದಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ನಾಸ್ತಿಕತೆ, ಸಮಾಜವಾದದ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್‌ನ ಬರಹವನ್ನು ಫ್ರೋಬೆಲ್‌ನದೆಂದುಕೊಂಡ ಗೊಂದಲವೂ ಅದರಲ್ಲಿತ್ತು. ಮರುವರ್ಷ ಫ್ರೋಬೆಲ್ ತೀರಿಕೊಂಡ, ನಿಷೇಧ ತೆರವಾದದ್ದು 1860ರಲ್ಲಿ.

ಆದರೆ ಈ ಪದ್ಧತಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಅದನ್ನು ಪ್ರೀತಿಸಿದವರೇ. ಅಮೆರಿಕದಲ್ಲಿ ಎಷ್ಟೋ ಕಡೆ ಅಂಗುಲಕ್ಕೊಂದು ಗೆರೆ ಎಳೆದ ಮೇಜಿನ ಮುಂದೆ ಮಕ್ಕಳನ್ನು ಕೂರಿಸಿ, ‘ಎಡಗಡೆಯ ತುಂಡು ಎತ್ತಿ, ಮುಂದಿನ ಚೌಕಕ್ಕೆ ಇಡಿ’ ಎಂದು ಎಲ್ಲರಿಗೂ ಒಟ್ಟಿಗೆ ಹೇಳಿ ಮಾಡಿಸಿದರು. ಅದು ಕವಾಯತು. ಇಷ್ಟು ಸಣ್ಣ ತುಂಡುಗಳು ಎಳೆಯ ಬೆರಳುಗಳನ್ನು ದಣಿಸುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಟೀಕಿಸಿದ್ದು ಸರಿಯಾಗಿಯೇ ಇತ್ತು. ಅಲ್ಲಿನ ಶಿಕ್ಷಕಿ ಪ್ಯಾಟಿ ಸ್ಮಿತ್ ಹಿಲ್ ದೊಡ್ಡ ಬ್ಲಾಕುಗಳನ್ನು ತಂದು ಮಕ್ಕಳನ್ನು ನೆಲದ ಮೇಲೆ ಕಟ್ಟಲು ಬಿಟ್ಟರು.

ನಮ್ಮಲ್ಲಿ ಉಳಿದದ್ದು ಎರಡಕ್ಷರದ ಹೆಸರು. ಎಷ್ಟೋ ಎಲ್‌ಕೆಜಿಗಳಲ್ಲಿ ನಾಲ್ಕು ವರ್ಷದ ಮಗುವಿಗೆ ನಾಲ್ಕು ಗೆರೆಯ ಪುಸ್ತಕ, ಪುಟಗಟ್ಟಲೆ ಹೋಂವರ್ಕ್. ಬ್ಲಾಕುಗಳಿದ್ದರೂ ಅವು ಬೀರುವಿನ ಮೇಲೆ, ಪೋಷಕರು ನೋಡಲು ಬಂದ ದಿನಕ್ಕೆ. ಮಗು ಪೆನ್ಸಿಲ್ ಹಿಡಿಯುವ ಮೊದಲು ಬೆರಳು, ಮಣಿಕಟ್ಟು ಗಟ್ಟಿಯಾಗಬೇಕು. ಆ ಕೆಲಸ ಆಗುವುದು ಜೇಡಿಮಣ್ಣಿನಲ್ಲಿ, ಕಾಗದ ಮಡಿಸುವುದರಲ್ಲಿ, ಕಟ್ಟುವುದರಲ್ಲಿ. ಇದನ್ನು ಬಿಟ್ಟು ಅಕ್ಷರ ತಿದ್ದಿಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಬೇಗ ಕೈ ನೋಯುತ್ತದೆ, ಬರೆಯುವುದೆಂದರೇ ಬೇಡವಾಗುತ್ತದೆ.

ಶಿಶುವಿಹಾರ, ಅಂಗನವಾಡಿ ನಡೆಸುವವರು ಈ ಎಂಟು ತುಂಡುಗಳನ್ನು ಬಡಗಿಯ ಹತ್ತಿರವೇ ಮಾಡಿಸಬಹುದು. ಚೆನ್ನಾಗಿ ಒಣಗಿದ ಮರ, ಅಳತೆ ಒಂದರ ಬದಲು ಎರಡು ಅಂಗುಲ ಇರಲಿ, ಬೆರಳಿಗೂ ಒಳ್ಳೆಯದು, ಬಾಯಿಗೂ ಹೋಗುವುದಿಲ್ಲ. ಅಂಚುಗಳಿಗೆ ಮರಳು ಕಾಗದ, ಬಣ್ಣ ಬೇಡ. ಎಂಟೂ ಒಂದೇ ಅಳತೆ ಇರಲೇಬೇಕು. ಒಂದು ತುಂಡು ದಪ್ಪವಾದರೂ ಘನ ಕೂಡುವುದಿಲ್ಲ, ತಪ್ಪು ತನ್ನದೇ ಎಂದುಕೊಂಡು ಮಗು ಮತ್ತೆ ಮತ್ತೆ ಜೋಡಿಸುತ್ತದೆ. ಒಂದು ಮಗುವಿಗೆ ಒಂದು ಪೆಟ್ಟಿಗೆ. ಮೊದಲ ವಾರ ಏನು ಕಟ್ಟಬೇಕೆಂದು ಹೇಳಬೇಡಿ, ಪಕ್ಕದಲ್ಲಿ ಕೂತು ನೀವೂ ಒಂದು ಪೆಟ್ಟಿಗೆ ತೆರೆಯಿರಿ.